ತಪ್ಪು ಉತ್ತರ ಏನು ಹೇಳುತ್ತದೆ?



52ರಲ್ಲಿ 27 ಕಳೆಯಲು ಹೇಳಿದರೆ ಮಗು 35 ಎಂದು ಬರೆಯಿತು ಎನ್ನೋಣ. ಕೆಂಪು ಶಾಯಿಯಲ್ಲಿ ಗೆರೆ ಎಳೆದು ಸೊನ್ನೆ ಕೊಡಬಹುದು. ಆದರೆ ಮಗು ಮಾಡಿದ್ದೇನು? 7ರಲ್ಲಿ 2 ಹೋದರೆ 5, 5ರಲ್ಲಿ 2 ಹೋದರೆ 3. ಕಳೆಯಲು ಅದಕ್ಕೆ ಬರುತ್ತದೆ. ಮೇಲಿನ ಅಂಕಿ ಸಣ್ಣದಾದಾಗ ದಶಕದಿಂದ ಸಾಲ ತರುವುದು ಮಾತ್ರ ತಿಳಿದಿಲ್ಲ. ಇಂಥ ನಾಲ್ಕು ಲೆಕ್ಕಕ್ಕೆ ನಾಲ್ಕು ಸೊನ್ನೆ ಬಿದ್ದರೂ ತೊಡಕು ಒಂದೇ.

ಇಂಥ ತೊಡಕನ್ನು ಪಾಠದ ನಡುವೆಯೇ ಹಿಡಿದು ತಿದ್ದುವುದು ರೂಪಣಾತ್ಮಕ ಮೌಲ್ಯಮಾಪನ, ಅಂದರೆ ಎಫ್‌ಎ. ಅವಧಿ ಮುಗಿದ ಮೇಲೆ ಎಷ್ಟು ಕಲಿತರೆಂದು ಅಳೆಯುವುದು ಸಂಕಲನಾತ್ಮಕ, ಅಂದರೆ ಎಸ್‌ಎ. 2009ರ ಶಿಕ್ಷಣ ಹಕ್ಕು ಕಾಯ್ದೆ ನಿರಂತರ ಹಾಗೂ ವ್ಯಾಪಕ ಮೌಲ್ಯಮಾಪನ ಬೇಕೆಂದಿತು. ನಮ್ಮ ಶಾಲೆಗಳಿಗೆ ವರ್ಷಕ್ಕೆ ನಾಲ್ಕು ಎಫ್‌ಎ, ಎರಡು ಎಸ್‌ಎ ಬಂದವು. ಆದರೆ ಎಫ್‌ಎ ಎಂದರೆ ಇನ್ನೊಂದು ಕಿರುಪರೀಕ್ಷೆ ಎಂದಾಗಿಬಿಟ್ಟರೆ ಅದರ ಹುರುಳೇ ಹೋಯಿತು.

1995ರ ಹೊತ್ತಿಗೆ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ ಎಂಬ ಕಲಿಕಾ ಪದ್ಧತಿ ಈ ವಿಷಯದಲ್ಲಿ ಜಾಣತನ ತೋರಿತು. ಅಲ್ಲಿ ಪರೀಕ್ಷೆಯ ದಿನವೆಂದು ಬೇರೆ ಇಲ್ಲ. ಮಗು ಕಲಿಕಾ ಏಣಿಯಲ್ಲಿ ಒಂದೊಂದೇ ಮೆಟ್ಟಿಲು ಏರುತ್ತದೆ. ಎಲ್ಲಿ ನಿಂತಿದೆಯೆಂದು ಗೋಡೆಯ ಪ್ರಗತಿನೋಟದ ಪಟ್ಟಿಯೇ ಹೇಳುತ್ತದೆ. ಜ್ವರ ಬಂದು ವಾರ ತಪ್ಪಿಸಿಕೊಂಡ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಭಾರೀ ಮಳೆಗೆ ಮತ್ತೆ ಮತ್ತೆ ರಜೆ ಸಾರುವ ಸುಬ್ರಹ್ಮಣ್ಯದಂಥ ಊರಿಗೆ ಇದು ಸಣ್ಣ ಅನುಕೂಲವಲ್ಲ.

ನಮ್ಮ ಕಡೆ ಇನ್ನೊಂದು ಸಂಗತಿ ಉಂಟು. ಕಡಬ, ಸುಳ್ಯದ ಎಷ್ಟೋ ಮಕ್ಕಳ ಮನೆಮಾತು ತುಳು ಅಥವಾ ಅರೆಭಾಷೆ. ಅಡಿಕೆ ಸುಲಿಯುವುದನ್ನೂ ಒಣಗಿಸುವುದನ್ನೂ ಅಂಗಳದಲ್ಲಿ ದಿನಾ ಕಂಡ ಮಗು ಆ ಬಗ್ಗೆ ಪುಸ್ತಕದ ಕನ್ನಡದಲ್ಲಿ ಮೂರು ವಾಕ್ಯ ಬರೆಯಲು ತಡಕಾಡಬಹುದು. ಅದೇ ಪ್ರಶ್ನೆಯನ್ನು ತುಳುವಿನಲ್ಲಿ ಕೇಳಿದರೆ ಮಾತು ನಿಲ್ಲುವುದಿಲ್ಲ. ವಿಷಯ ಗೊತ್ತಿಲ್ಲವೋ, ಬರೆಯುವ ಭಾಷೆ ಒದಗುತ್ತಿಲ್ಲವೋ ಎಂಬುದು ಮೌಖಿಕವಾಗಿ ಕೇಳದೆ ತಿಳಿಯದು. ಇದಕ್ಕೆ ಅಂಕಪಟ್ಟಿಯಲ್ಲಿ ಕಾಲಂ ಇಲ್ಲ, ಇರಬೇಕಾಗಿಯೂ ಇಲ್ಲ. ಟೀಚರ್ ಗುರುತು ಹಾಕಿಕೊಂಡರೆ ಸಾಕು.

ಅಂಕದ ಮಾತಿಗೆ ಬಂದರೆ, ಎಸೆಸೆಲ್ಸಿಯಲ್ಲಿ ಹೆಚ್ಚಿನ ವಿಷಯಗಳಿಗೆ 80 ಅಂಕ ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಆ 20ನ್ನು ಕಣ್ಣುಮುಚ್ಚಿ ಎಲ್ಲರಿಗೂ ಹಂಚಿದರೆ ಮಗುವಿಗೆ ಉಪಕಾರವಾದಂತೆ ಕಾಣುತ್ತದೆ, ಕಲಿಕೆಗೆ ಏನೂ ಆಗುವುದಿಲ್ಲ.

ಮುಂದಿನ ಪೋಷಕರ ಸಭೆಗೆ ಹೋದಾಗ ಎಷ್ಟು ಅಂಕ ಎಂದಷ್ಟೇ ಕೇಳಿ ಬರಬೇಡಿ. ಮಗುವಿನ ಪುಸ್ತಕ ತೆರೆಸಿ, ಯಾವ ತಪ್ಪು ಮತ್ತೆ ಮತ್ತೆ ಬರುತ್ತಿದೆ ಎಂದು ಟೀಚರನ್ನು ಕೇಳಿ.