ಮೊದಲು ನೆಲ, ಆಮೇಲೆ ಜೀವಿ

ಅನ್ಯಗ್ರಹದ ಜೀವಿಯನ್ನು ಕಲ್ಪಿಸುವ ಲೇಖಕ ಮೊದಲು ಅದು ಓಡಾಡುವ ನೆಲವನ್ನು ಕಟ್ಟಬೇಕಾಗುತ್ತದೆ. ಅಲ್ಲಿನ ಗುರುತ್ವ ಎಷ್ಟು, ಗಾಳಿಯಲ್ಲಿ ಏನೇನಿದೆ, ಹರಿಯುವ ದ್ರವ ಯಾವುದು, ಬಿಸಿಲು ಎಷ್ಟು ಬೀಳುತ್ತದೆ ಎಂಬುದು ಗೊತ್ತಾದ ಮೇಲೆ ಕಾಲು, ಕಣ್ಣು, ಚರ್ಮದ ಮಾತು. ಹಸಿರು ಮೈಯನ್ನೂ ಎರಡು ಕೊಂಬನ್ನೂ ಮೊದಲೇ ಬರೆದುಕೊಂಡು, ಆಮೇಲೆ ಅದಕ್ಕೊಂದು ಗ್ರಹ ಹುಡುಕುವ ಕಥೆಗಳಲ್ಲಿ ಜೀವಿ ವೇಷ ಹಾಕಿದ ಮನುಷ್ಯನಾಗಿಯೇ ಉಳಿದುಬಿಡುತ್ತದೆ. ಇಂದು ಉದ್ಘಾಟನೆಗೊಳ್ಳುತ್ತಿರುವ ವಿಜ್ಞಾನ ಕಥೆಗಳ ಜೀವಿಗಳ ಪ್ರದರ್ಶನದಲ್ಲಿ ಪ್ರತಿ ಮಾದರಿಯ ಪಕ್ಕದಲ್ಲೂ ಅದರ ಊರಿನ ಚಿತ್ರ ಇರುವುದಕ್ಕೆ ಇದೇ ಕಾರಣ.

ಕಲ್ಪನೆಗೆ ಎದುರಾಗುವ ಮೊದಲ ಪರೀಕ್ಷೆ ಗಾತ್ರದ್ದು. ಇರುವೆಯೊಂದನ್ನು ಆಕಾರ ಕೆಡದಂತೆ 100 ಪಟ್ಟು ಉದ್ದಕ್ಕೆ ಬೆಳೆಸಿದರೆ ಅದರ ತೂಕ 10 ಲಕ್ಷ ಪಟ್ಟು ಏರುತ್ತದೆ. ಆ ತೂಕ ಹೊರುವ ಕಾಲಿನ ದಪ್ಪ, ಅಂದರೆ ಅಡ್ಡ ಕತ್ತರಿಸಿದಾಗ ಕಾಣುವ ವಿಸ್ತೀರ್ಣ, ಏರುವುದು 10,000 ಪಟ್ಟು ಮಾತ್ರ. ಹೀಗೆ ಕಾಲಿನ ಪ್ರತಿ ಚದರ ಮಿಲಿಮೀಟರಿನ ಮೇಲೂ ಮೊದಲಿನ ನೂರು ಪಟ್ಟು ಹೊರೆ ಬೀಳುತ್ತದೆ. ದೊಡ್ಡ ಪ್ರಾಣಿಯ ಮೂಳೆ ಉದ್ದವಾದರಷ್ಟೇ ಸಾಲದು, ಪ್ರಮಾಣ ಮೀರಿ ದಪ್ಪವಾಗಬೇಕು ಎಂಬುದನ್ನು ಗೆಲಿಲಿಯೊ 1638ರ ಪುಸ್ತಕದಲ್ಲೇ ಚಿತ್ರಸಹಿತ ತೋರಿಸಿದ್ದ. ಮುಂದೆ ಭಾರತಕ್ಕೆ ಬಂದು ನೆಲೆಸಿ ಇಲ್ಲಿಯೇ ಕೊನೆಯುಸಿರೆಳೆದ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1926ರ ತಮ್ಮ ಪ್ರಬಂಧದಲ್ಲಿ ಇದೇ ಲೆಕ್ಕವನ್ನು ಕಥೆಗಳ ದೈತ್ಯರಿಗೆ ಹಚ್ಚಿ, ಅವರು ಹೆಜ್ಜೆ ಇಟ್ಟರೆ ತೊಡೆಮೂಳೆ ಮುರಿಯುತ್ತದೆ ಎಂದು ತೋರಿಸಿದರು. 1954ರ ‘ದೆಮ್!’ ಚಲನಚಿತ್ರದ ದೈತ್ಯ ಇರುವೆಗಳು ಅಟ್ಟಿಸಿಕೊಂಡು ಬರುವುದಿರಲಿ, ಎದ್ದು ನಿಲ್ಲಲೂ ಆಗದು. ಅವು ಉಸಿರಾಡುವುದೂ ಕಷ್ಟ. ಕೀಟಗಳಿಗೆ ಶ್ವಾಸಕೋಶವಿಲ್ಲ, ಮೈಯೊಳಗಿನ ಸಣ್ಣ ಕೊಳವೆಗಳ ಮೂಲಕವೇ ಗಾಳಿ ಒಳಗೆ ಸಾಗಬೇಕು. ಸುಮಾರು 30 ಕೋಟಿ ವರ್ಷಗಳ ಹಿಂದೆ ಎರಡು ಅಡಿಗೂ ಮಿಕ್ಕಿ ರೆಕ್ಕೆ ಚಾಚುತ್ತಿದ್ದ, ಏರೋಪ್ಲೇನ್ ಚಿಟ್ಟೆಯ ಬಂಧುವಾದ ಮೆಗಾನ್ಯೂರಾ ಬದುಕಿದ್ದು ನಿಜ. ಆಗಿನ ಗಾಳಿಯಲ್ಲಿ ಆಮ್ಲಜನಕ ಈಗಿನದಕ್ಕಿಂತ ಬಹಳ ಹೆಚ್ಚಾಗಿದ್ದುದು ಅದಕ್ಕೊಂದು ಕಾರಣವೆಂದು ಅನೇಕ ವಿಜ್ಞಾನಿಗಳು ಭಾವಿಸುತ್ತಾರೆ. ದೊಡ್ಡ ಕೀಟ ಬೇಕೆನ್ನುವ ಲೇಖಕ ಮೊದಲು ಗ್ರಹದ ಗಾಳಿಯನ್ನು ಬದಲಿಸಬೇಕು.

ಎರಡನೆಯದು ರಸಾಯನ. ಇಂಗಾಲದ ಬದಲು ಸಿಲಿಕಾನ್‌ನಿಂದಾದ ಜೀವಿ ಎಂದು ಬರೆಯುವುದು ಸುಲಭ, ಅದು ಉಸಿರು ಬಿಡುವ ಬಗೆಯನ್ನು ಹೇಳುವುದು ಕಷ್ಟ. ಇಂಗಾಲ ಆಮ್ಲಜನಕದೊಡನೆ ಸೇರಿದರೆ ಅನಿಲವಾಗಿ ಹೊರಬೀಳುತ್ತದೆ. ಸಿಲಿಕಾನ್ ಸೇರಿದರೆ ಹುಟ್ಟುವುದು ಮರಳಿನಲ್ಲಿರುವ ಸಿಲಿಕಾ, ಗಟ್ಟಿ ಪದಾರ್ಥ. ಸ್ಟ್ಯಾನ್ಲಿ ವೈನ್‌ಬಾಮ್ 1934ರ ‘ಎ ಮಾರ್ಷಿಯನ್ ಒಡಿಸ್ಸಿ’ ಕಥೆಯಲ್ಲಿ ಈ ತೊಡಕನ್ನೇ ಜೀವಿಯ ಸ್ವಭಾವ ಮಾಡಿದ. ಮಂಗಳನ ಮರಳುಗಾಡಿನಲ್ಲಿ ಕೂತ ಒಂದು ಪ್ರಾಣಿ ಆಗಾಗ ಬಾಯಿಂದ ಒಂದು ಇಟ್ಟಿಗೆ ತೆಗೆದು ಸುತ್ತ ಜೋಡಿಸುತ್ತ ಹೋಗುತ್ತದೆ. ಆ ಇಟ್ಟಿಗೆ ಅದರ ನಿಶ್ವಾಸ! ತೊಂಬತ್ತು ವರ್ಷ ಕಳೆದರೂ ಇಷ್ಟು ಸರಳವಾದ, ಇಷ್ಟು ವಿಚಿತ್ರವಾದ ಜೀವಿ ವಿಜ್ಞಾನ ಕಥೆಗಳಲ್ಲಿ ಅಪರೂಪ.

ದ್ರವದ ವಿಷಯವೂ ಹೀಗೆಯೇ. ಶನಿಯ ಉಪಗ್ರಹ ಟೈಟಾನ್‌ನಲ್ಲಿ ಶೂನ್ಯಕ್ಕಿಂತ ಸುಮಾರು 179 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿ ಮೀಥೇನ್ ಕೆರೆಗಳಿವೆ. ಅಂಥ ಚಳಿಯಲ್ಲಿ ರಾಸಾಯನಿಕ ಕ್ರಿಯೆಗಳು ತೀರಾ ನಿಧಾನವಾಗುವುದರಿಂದ ಅಲ್ಲಿಯ ಕಲ್ಪಿತ ಜೀವಿ ಚಂಗನೆ ನೆಗೆದು ಬೇಟೆಯಾಡಿದರೆ ಓದುಗ ನಂಬುವುದಿಲ್ಲ.

ಈ ಎಲ್ಲ ಲೆಕ್ಕವೂ ಒಂದೇ ಕಡೆ ಕೂಡಿಬಂದ ಕೃತಿ ಹಾಲ್ ಕ್ಲೆಮೆಂಟ್ ಅವರ ‘ಮಿಷನ್ ಆಫ್ ಗ್ರ್ಯಾವಿಟಿ’. 1953ರಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿ ಇದು. ಕ್ಲೆಮೆಂಟ್ ಅಮೆರಿಕದ ಒಂದು ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವರು. ಅವರ ಮೆಸ್ಕ್ಲಿನ್ ಗ್ರಹ ಸುಮಾರು 18 ನಿಮಿಷಕ್ಕೊಮ್ಮೆ ತನ್ನ ಸುತ್ತ ತಾನೇ ತಿರುಗುತ್ತದೆ. ಆ ರಭಸಕ್ಕೆ ಗ್ರಹ ಚಪ್ಪಟೆಯಾಗಿ, ನಡುವೆ ಉಬ್ಬಿದೆ. ಸಮಭಾಜಕದಲ್ಲಿ ಗುರುತ್ವ ಭೂಮಿಯ 3 ಪಟ್ಟು, ಧ್ರುವದಲ್ಲಿ ಹೆಚ್ಚುಕಡಿಮೆ 700 ಪಟ್ಟು. ಅಲ್ಲಿನ ಜನ ಮೊಳದುದ್ದದ ಜರಿಯಂತಿದ್ದಾರೆ: ನೆಲಕ್ಕೆ ಅಂಟಿದ ಮೈ, ಹಲವು ಜೋಡಿ ಗಿಡ್ಡ ಕಾಲು, ಗಟ್ಟಿ ಚಿಪ್ಪು. ಅವರ ಹಡಗುಗಳು ತೇಲುವುದು ಮೀಥೇನ್ ಕಡಲಿನ ಮೇಲೆ.

ಮೈಯ ಆಕಾರಕ್ಕಿಂತ ಹೆಚ್ಚಿನ ಸಾಧನೆ ಅವರ ಮನಸ್ಸಿನದು. 700 ಪಟ್ಟು ಗುರುತ್ವದಲ್ಲಿ 15 ಸೆಂಟಿಮೀಟರ್ ಎತ್ತರದಿಂದ ಬೀಳುವುದೆಂದರೆ, ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ, ಭೂಮಿಯ ಮೇಲೆ 105 ಮೀಟರ್ ಎತ್ತರದಿಂದ ಬಿದ್ದ ಹಾಗೆ. ಹೀಗಾಗಿ ಎತ್ತರವೆಂದರೆ ಅವರಿಗೆ ಸಾವು. ವಸ್ತುವನ್ನು ಎಸೆಯಬಹುದು ಎಂಬುದು ಅವರಿಗೆ ಹೊಳೆದೇ ಇಲ್ಲ. ತಲೆಯ ಮೇಲೆ ಏನಾದರೂ ತೂಗಾಡಿದರೆ ಕೆಚ್ಚೆದೆಯ ಕಪ್ತಾನ ಬಾರ್ಲೆನನ್ ಕೂಡ ನಡುಗುತ್ತಾನೆ. ಗಣಿತದಿಂದ ಭಯ ಹುಟ್ಟಿ, ಆ ಭಯದಿಂದ ಪಾತ್ರ ಹುಟ್ಟಿದ ಇಂಥ ನಿದರ್ಶನ ಈ ಪ್ರಕಾರದಲ್ಲಿ ಹೆಚ್ಚಿಲ್ಲ. ಮುಂದೆ ಕರಾರುವಾಕ್ಕಾಗಿ ಲೆಕ್ಕ ಹಾಕಿದಾಗ ಧ್ರುವದ ಗುರುತ್ವ 700ರ ಅರ್ಧಕ್ಕೂ ಕಡಿಮೆ ಎಂದು ತಿಳಿದುಬಂತು, ಕ್ಲೆಮೆಂಟ್ ಅದನ್ನು ಸಂತೋಷದಿಂದ ಒಪ್ಪಿಕೊಂಡರು. ಲೇಖಕನ ತಪ್ಪು ಹಿಡಿಯುವುದು ಓದುಗನ ಪಾಲಿನ ಆಟ ಎಂದೇ ಅವರು ಭಾವಿಸಿದ್ದರು. ತಪ್ಪು ಹಿಡಿಯಲು ಆಸ್ಪದ ಕೊಡುವಷ್ಟು ಖಚಿತವಾಗಿ ಬರೆದದ್ದೇ ಆ ಪುಸ್ತಕದ ಹೆಚ್ಚುಗಾರಿಕೆ.

ವಿಜ್ಞಾನಿಗಳೂ ಈ ಆಟಕ್ಕೆ ಇಳಿದಿದ್ದಾರೆ. ಕಾರ್ಲ್ ಸೇಗನ್ ಮತ್ತು ಎಡ್ವಿನ್ ಸಾಲ್ಪೀಟರ್ 1976ರ ಸಂಶೋಧನಾ ಪ್ರಬಂಧದಲ್ಲಿ, ಕಾಲೂರಲು ನೆಲವೇ ಇಲ್ಲದ ಗುರುಗ್ರಹದ ಮೋಡಗಳಲ್ಲಿ ಬಲೂನಿನಂತೆ ತೇಲುವ ಜೀವಿಗಳನ್ನೂ, ಕೆಳಗಿನ ಕುಲುಮೆಯಂಥ ಶಾಖಕ್ಕೆ ಜಾರಿ ಬೇಯುವ ಮೊದಲೇ ಮರಿಹಾಕಿ ವಂಶ ಉಳಿಸುವ ಸಣ್ಣ ಜೀವಿಗಳನ್ನೂ, ಇವನ್ನು ಬೇಟೆಯಾಡುವ ಜೀವಿಗಳನ್ನೂ ಚಿತ್ರಿಸಿದರು. ಯಾರು ಯಾರನ್ನು ತಿಂದು ಬದುಕುತ್ತಾರೆ ಎಂಬುದಕ್ಕೆ ಅಲ್ಲಿ ಉತ್ತರವಿದೆ. ಹುಲ್ಲುಕಡ್ಡಿಯೂ ಇಲ್ಲದ ಬಂಜರು ಗ್ರಹದಲ್ಲಿ ಆನೆಗಾತ್ರದ ಬೇಟೆಪ್ರಾಣಿಯನ್ನು ಬಿಡುವ ಕಥೆಗಳಲ್ಲಿ ಇಲ್ಲದಿರುವುದು ಈ ಉತ್ತರ.

ಎಲ್ಲಕ್ಕಿಂತ ದೂರ ಹೋದವರು ಭೌತವಿಜ್ಞಾನಿ ರಾಬರ್ಟ್ ಫಾರ್ವರ್ಡ್. 1980ರ ‘ಡ್ರ್ಯಾಗನ್ಸ್ ಎಗ್’ ಕಾದಂಬರಿಯ ಚೀಲಾಗಳು ನ್ಯೂಟ್ರಾನ್ ತಾರೆಯ ಮೇಲೆ ವಾಸಿಸುತ್ತವೆ. ಅಲ್ಲಿಯ ಗುರುತ್ವ ಭೂಮಿಯ 6,700 ಕೋಟಿ ಪಟ್ಟು. ಚೀಲಾದ ಗಾತ್ರ ಎಳ್ಳಿನ ಕಾಳಿನಷ್ಟು, ದ್ರವ್ಯರಾಶಿ ಒಬ್ಬ ಮನುಷ್ಯನಷ್ಟು. ಅವುಗಳ ಮೈಯಲ್ಲಿ ನಡೆಯುವುದು ಪರಮಾಣು ಬೀಜಗಳ ನಡುವಿನ ಕ್ರಿಯೆ. ಅದು ರಾಸಾಯನಿಕ ಕ್ರಿಯೆಗಿಂತ ಎಷ್ಟೋ ಪಟ್ಟು ಚುರುಕಾದ್ದರಿಂದ ಚೀಲಾಗಳ ಬದುಕೂ ಸುಮಾರು 10 ಲಕ್ಷ ಪಟ್ಟು ವೇಗವಾಗಿ ಸಾಗುತ್ತದೆ. ಮನುಷ್ಯನ 70 ವರ್ಷದ ಆಯುಸ್ಸು ಆ ವೇಗದಲ್ಲಿ 37 ನಿಮಿಷ. ಮನುಷ್ಯ ಹತ್ತು ಸೆಕೆಂಡಿನಲ್ಲಿ ಕೇಳಿ ಮುಗಿಸುವ ಪ್ರಶ್ನೆಯನ್ನು ಚೀಲಾ ಸುಮಾರು ನಾಲ್ಕು ತಿಂಗಳು ಕಾದು ಕೇಳಿಸಿಕೊಳ್ಳಬೇಕು. ಉದ್ಘಾಟನೆಯ ನಂತರ ಬಾಗಿಲು ದಾಟಿದ ಕೂಡಲೇ ಸಿಗುವ ಮೊದಲ ಗಾಜಿನ ಪೆಟ್ಟಿಗೆ ಇದೇ ಜೀವಿಯದು. ಅದರೊಳಗೆ ಬಿಳಿ ಬಟ್ಟೆಯ ಮೇಲೆ ಒಂದು ಎಳ್ಳಿನ ಕಾಳು, ಪಕ್ಕದಲ್ಲೊಂದು ಭೂತಗನ್ನಡಿ ಇದೆ.