ಜಾಲಿಮುಳ್ಳಿನ ಕೂಡು ಕುಟುಂಬ

ಸೇಡಂ, ಚಿತ್ತಾಪುರದ ತೊಗರಿ ಹೊಲದ ಒಡ್ಡು, ವಾಡಿ, ಶಹಾಬಾದಿನ ಫರ್ಸಿ ಖಣಿಗಳ ಸುತ್ತಲಿನ ಕುರುಚಲು, ಚಿಂಚೋಳಿ ಕಾಡಿನ ಅಂಚು. ಇಂಥ ಒಣನಾಡಿನ ಮುಳ್ಳುಗಿಡಗಳೇ ಸಂಘಜೀವಿ ಜೇಡಕ್ಕೆ ಒಗ್ಗುವ ನೆಲೆ. ಒಣ ಎಲೆ, ತಿಂದುಳಿದ ಹುಳಗಳ ರೆಕ್ಕೆ, ಕಾಲು ಎಲ್ಲ ನೂಲಿನಲ್ಲಿ ಹೆಣೆದುಕೊಂಡ ಗೂಡು ದೂರಕ್ಕೆ ಮುಳ್ಳಿಗೆ ಸಿಕ್ಕ ಹಳೇ ಚಿಂದಿಯಂತೆ ಕಾಣುತ್ತದೆ. ಒಳಗೆ ಹತ್ತಾರು, ಕೆಲವೊಮ್ಮೆ ನೂರಾರು ಜೇಡಗಳು.

ಸ್ಟೆಗೋಡಿಫಸ್ ಎಂಬ ಈ ಕುಲಕ್ಕೆ ಹೆಸರಿಟ್ಟವರು ಫ್ರಾನ್ಸಿನ ಯೂಜೀನ್ ಸಿಮೋನ್, 1873ರಲ್ಲಿ. ನಮ್ಮ ಪ್ರಭೇದ ಸ್ಟೆಗೋಡಿಫಸ್ ಸರಾಸಿನೋರಮ್. ಪಾಲ್ ಮತ್ತು ಫ್ರಿಟ್ಜ್ ಸರಾಸಿನ್ ಎಂಬ ಸೋದರಸಂಬಂಧಿಗಳು ಸಿಂಹಳದಿಂದ ಒಯ್ದ ಜೇಡಗಳನ್ನು ನೋಡಿ ಜರ್ಮನಿಯ ಕಾರ್ಷ್ 1892ರಲ್ಲಿ ಇದನ್ನು ವರ್ಣಿಸಿದರು. ಆ ಸರಾಸಿನ್ನರು ಬಾಸೆಲ್‌ನವರು. ಮಿಶನ್ನಿನಿಂದಾಗಿ, ಕಿಟೆಲ್ಲರ ನಿಘಂಟಿನಿಂದಾಗಿ ಕನ್ನಡಿಗರಿಗೆ ಪರಿಚಿತವಾದ ಅದೇ ಊರು. ಕಾರ್ಷ್ ಕಂಡದ್ದು ಸೀಸೆಯಲ್ಲಿಟ್ಟ ಮಾದರಿಗಳನ್ನಷ್ಟೇ. ಈ ಜೇಡ ಬದುಕುವ ಬಗೆ, ಸಂಸಾರ ಸಾಗಿಸುವ ರೀತಿ 1905ರಲ್ಲೇ ಜಂಬುನಾಥನ್ ಅವರ ಲೇಖನದಲ್ಲಿ ಅಚ್ಚಾಯಿತು; 1973ರಲ್ಲಿ ಜಾಕ್ಸನ್ ಮತ್ತು ಜೋಸೆಫ್ ಕೂಡ ಅದನ್ನು ವಿವರವಾಗಿ ಬರೆದರು. ನನ್ನ ಮಟ್ಟಿಗೆ ನಿಜವಾದ ಚರಿತ್ರೆ ಶುರುವಾಗುವುದೇ ಇಂಥ ಬರಹಗಳಿಂದ.

ಲೋಕದಲ್ಲಿ ಜೇಡಗಳ ಪ್ರಭೇದ ಸುಮಾರು 50 ಸಾವಿರ. ಹೀಗೆ ಜೀವನಪೂರ್ತಿ ಕೂಡಿ ಬಾಳುವವು ಕೆಲವೇ ಡಜನ್. ನಮ್ಮ ಈ ಜೇಡದ ಬಲೆಯ ನೂಲಿನಲ್ಲಿ ಅಂಟಿನ ಹನಿಗಳಿಲ್ಲ. ಹೊಟ್ಟೆಯ ತುದಿಯ ಕೆಳಗಿರುವ ಪುಟ್ಟ ತಟ್ಟೆಯೊಂದರಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಹೊರಡುತ್ತವೆ. ಕೊನೆಯ ಜೋಡಿ ಕಾಲಿನ ಬಿರುಗೂದಲಿನಿಂದ ಜೇಡ ಅವನ್ನು ಬಾಚಿ ಉಣ್ಣೆಯ ಹಾಗೆ ಉಬ್ಬಿಸುತ್ತದೆ. ಆ ನವಿರಿಗೇ ಮಿಡತೆಯ ಕಾಲು ಸಿಕ್ಕಿಬೀಳುತ್ತದೆ. ಬಲೆ ನಡುಗಿದ್ದೇ ತಡ, ಗೂಡಿನೊಳಗಿಂದ ಹಲವು ಜೇಡಗಳು ಒಟ್ಟಿಗೆ ಓಡಿಬಂದು ಕಚ್ಚಿ ಎಳೆದೊಯ್ಯುತ್ತವೆ. ಒಂಟಿ ಜೇಡಕ್ಕೆ ಜಗ್ಗದ ದೊಡ್ಡ ಹುಳ ಕೂಡ ಇವುಗಳ ಊಟವಾಗುತ್ತದೆ.

ಈ ಮನೆಯಲ್ಲಿ ಗಂಡುಗಳು ಬಹಳ ಕಡಿಮೆ, ಹೆಣ್ಣುಗಳದೇ ಸಂಸಾರ. ತಾಯಿ ತಾನು ಜೀರ್ಣಿಸಿಕೊಂಡದ್ದನ್ನು ಬಾಯಿಂದ ಹೊರತಂದು ಮರಿಗಳಿಗೆ ಉಣಿಸುತ್ತಾಳೆ. ಮೊಟ್ಟೆಯಿಡದ ಹೆಣ್ಣುಗಳೂ ಆ ಕೆಲಸಕ್ಕೆ ಹೆಗಲು ಕೊಡುತ್ತವೆ. ಕೊನೆಗೆ ಮರಿಗಳು ತಮ್ಮನ್ನು ಸಾಕಿದವರ ಮೈಯನ್ನೇ ತಿಂದು ಬೆಳೆಯುತ್ತವೆ. ಇದನ್ನು ಕ್ರೌರ್ಯ ಎನ್ನಲು ನನಗೆ ಮನಸ್ಸು ಬಾರದು; ಆ ಹೆಣ್ಣುಗಳು ತಪ್ಪಿಸಿಕೊಳ್ಳಲು ಓಡುವುದಿಲ್ಲ.

ರೈತಬಾಂಧವರಲ್ಲಿ ಒಂದು ಕೋರಿಕೆ. ತೊಗರಿಗೆ ಔಷಧ ಹೊಡೆಯುವಾಗ ಒಡ್ಡಿನ ಮೇಲಿನ ಜಾಲಿಗಿಡಕ್ಕೆ ಹೊಡೆಯಬೇಡಿ. ಗೂಡು ಕಂಡರೆ ಹೊತ್ತು ಮುಳುಗಿದ ಮೇಲೆ ಬ್ಯಾಟರಿ ಹಿಡಿದು ಹೋಗಿ, ಅವು ಬಲೆ ರಿಪೇರಿ ಮಾಡುವ ಹೊತ್ತದು. ಶಾಲೆಯ ಮಕ್ಕಳನ್ನೂ ಕರೆದೊಯ್ಯಿರಿ. ಊರು, ಗಿಡ, ತಿಂಗಳು ಇಷ್ಟನ್ನು ಒಂದು ನೋಟುಬುಕ್ಕಿನಲ್ಲಿ ಬರೆಸಿಡಿ.