ಪೆಟ್ಟು ತಿಂದ ವಾರ

ಮಳೆಗಾಲದಲ್ಲಿ ಮುಂಬಯಿ ಬಳಿಯ ನಮ್ಮ ಡೊಂಬಿವಲಿಯಲ್ಲಿ ಬಟ್ಟೆ ಒಣಗುವುದು ಫ್ಯಾನಿನ ಕೆಳಗೇ. ಈ ವಾರ ನಮ್ಮ ಎದುರುಮನೆಯ ಹಾಲಿನಲ್ಲಿ, ಅಜ್ಜಿಯ ಸೀರೆಯ ಪಕ್ಕದಲ್ಲಿ, ಎರಡು ಉದ್ದನೆಯ ಕೆಂಪು ಪಟ್ಟಿಗಳು ನೇತಾಡುತ್ತಿದ್ದವು. ಮೂರು ಬೆರಳಿನ ಅಗಲ, ಉದ್ದ ಮಾತ್ರ ನಾಲ್ಕೂವರೆ ಮೀಟರ್. ಬಾಕ್ಸಿಂಗ್ ಮಾಡುವವರು ಗ್ಲೌಸು ಹಾಕುವ ಮೊದಲು ಕೈಗೆ ಸುತ್ತಿಕೊಳ್ಳುವ ಬ್ಯಾಂಡೇಜು ಅದು. ಹೆಬ್ಬೆರಳಿಗೆ ಕುಣಿಕೆ ಹಾಕಿ, ಮಣಿಕಟ್ಟಿಗೆ ಮೂರು ಸುತ್ತು, ಬೆರಳಿನ ಗೆಣ್ಣುಗಳ ಮೇಲೆ ಮೂರು ಸುತ್ತು, ಬೆರಳ ಸಂದುಗಳಲ್ಲಿ ತೂರಿಸಿ ಮತ್ತೆ ಮಣಿಕಟ್ಟಿಗೆ ತರಬೇಕು. ಹೊಡೆಯುವ ಕೈಯ ಸಣ್ಣ ಮೂಳೆಗಳನ್ನು ಕಾಪಾಡುವುದಕ್ಕೆ ಇಷ್ಟೆಲ್ಲ.

ಆ ಮನೆಯ ಹುಡುಗಿ ಕಾಲೇಜಿಗೆ ಹೋಗುವವಳು, ಬಾಕ್ಸಿಂಗ್ ಕ್ಲಾಸಿಗೆ ಸೇರಿ ಕೆಲವು ತಿಂಗಳಾಗಿದೆ. ಭಾನುವಾರ ಅವಳಿಗಿಂತ ಎಷ್ಟೋ ಹೆಚ್ಚು ಅನುಭವ ಇರುವ ಒಬ್ಬಳ ಎದುರು ಸ್ಪಾರಿಂಗಿಗೆ, ಅಂದರೆ ಅಭ್ಯಾಸದ ಕಾಳಗಕ್ಕೆ, ನಿಂತಿದ್ದಳಂತೆ. ಎಡಗೆನ್ನೆ ಊದಿ ಕಣ್ಣು ಅರ್ಧ ಮುಚ್ಚಿತ್ತು. ಕುಂದಾಪುರದ ಕಡೆಯ ಅಜ್ಜಿ ಐಸು ಒತ್ತುತ್ತಾ, “ಎಂತ ಮಗಾ ಇದು, ದುಡ್ಡು ಕೊಟ್ಟು ಪೆಟ್ಟು ತಿಂಬುದಾ?” ಅಂತ ಕಣ್ಣೀರು ಹಾಕಿದರು. ಕೆಳಗಿನ ಮಹಡಿಯ ಹಿರಿಯರೊಬ್ಬರು, “ಹೀಗೇ ಗಟ್ಟಿಯಾಗಬೇಕು, ಬಿಡಬೇಡ” ಅಂತ ಧೈರ್ಯ ಹೇಳಿ ಹೋದರು. ಅಜ್ಜಿಯದು ಕರುಳಿನ ಮಾತು, ಹಿರಿಯರದು ಹುಮ್ಮಸ್ಸಿನ ಮಾತು. ಹುಡುಗಿ ಎರಡನ್ನೂ ಕೇಳಿಸಿಕೊಂಡಳು. ಆಮೇಲೆ ನನ್ನ ಹತ್ತಿರ ಬಂದು, “ಆಂಟಿ, ಪೆಟ್ಟು ಎಲ್ಲಿಂದ ಬಂತು ಅಂತಲೇ ನನಗೆ ಗೊತ್ತಾಗಲಿಲ್ಲ” ಅಂದಳು.

ಈ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ನೋವಾಯಿತು ಅನ್ನಲಿಲ್ಲ, ಅವಮಾನವಾಯಿತು ಅಂತಲೂ ಅನ್ನಲಿಲ್ಲ. ಎಲ್ಲಿಂದ ಬಂತು ಅಂತ ಗೊತ್ತಾಗಲಿಲ್ಲ ಅನ್ನುವುದೇ ಅವಳ ದುಃಖ. ಹೊಸಬರೆಲ್ಲರ ಪಾಡೂ ಇದೇ ಇರಬೇಕು. ಎದುರಿನವರ ಕೈ ಮೇಲೆದ್ದ ಕೂಡಲೇ ಕಣ್ಣು ತಾನಾಗಿ ಮುಚ್ಚುತ್ತದೆ, ಉಸಿರು ಕಟ್ಟುತ್ತದೆ, ಮುಖ ಒಂದು ಕಡೆಗೆ ತಿರುಗುತ್ತದೆ. ಕಣ್ಣು ಬಿಟ್ಟಾಗ ಪೆಟ್ಟು ಬಿದ್ದಾಗಿರುತ್ತದೆ. ಮೂರು ನಿಮಿಷದ ಒಂದು ಸುತ್ತಿನಲ್ಲಿ ಹತ್ತಾರು ಸಲ ಹೀಗಾದರೆ, ಮನೆಗೆ ಬಂದಮೇಲೆ ಉಳಿಯುವುದು ಸೋತೆ ಅನ್ನುವ ಒಂದೇ ಭಾವನೆ. ಯಾಕೆ ಸೋತೆ ಅನ್ನುವುದಕ್ಕೆ ಕೈಯಲ್ಲಿ ಒಂದು ಚೂರು ವಿವರವೂ ಇರುವುದಿಲ್ಲ.

ಇಲ್ಲಿನ ನಮ್ಮ ಹೋಟೆಲಿನವರನ್ನು ನೋಡಿದ್ದೀರಲ್ಲ. ಶೆಟರ್ ಎಳೆದಮೇಲೆ ಗಲ್ಲಾದ ಲೆಕ್ಕ ಆ ರಾತ್ರಿಯೇ ಆಗಬೇಕು. ಸಾವಿರ ರೂಪಾಯಿ ಕಡಿಮೆ ಬಿದ್ದರೆ ಯಾವ ಟೇಬಲ್ಲು, ಯಾವ ಪಾರ್ಸೆಲ್ಲು ಅಂತ ಅಲ್ಲೇ ಹುಡುಕುತ್ತಾರೆ. ಬೆಳಗಾದರೆ ಸಿಗುವುದಿಲ್ಲ, ನಷ್ಟ ಅನ್ನುವ ಮೊತ್ತ ಮಾತ್ರ ಉಳಿಯುತ್ತದೆ. ಪೆಟ್ಟು ತಿಂದವರ ಲೆಕ್ಕವೂ ಬಿಸಿಯಿರುವಾಗಲೇ ಆಗಬೇಕು. ಆದರೆ ಕಣ್ಣು ಮುಚ್ಚಿಕೊಂಡವಳು ಲೆಕ್ಕ ಹಾಕುವುದು ಹೇಗೆ? ಅದಕ್ಕೆ ಇನ್ನೊಬ್ಬರ ಕಣ್ಣು ಬೇಕು, ದೊಡ್ಡ ಬಾಕ್ಸರುಗಳಿಗೂ.

2017ರ ಆಗಸ್ಟ್ 5ರಂದು ವರ್ಲಿಯ ಎನ್‌ಎಸ್‌ಸಿಐ ಡೋಮಿನಲ್ಲಿ ಬಾಕ್ಸರ್ ವಿಜೇಂದರ್ ಸಿಂಗ್ ಮತ್ತು ಚೀನಾದ ಜುಲ್ಪಿಕರ್ ಮೈಮೈತಿಯಾಲಿ ನಡುವೆ ಹತ್ತು ಸುತ್ತಿನ ಕಾಳಗ ನಡೆದದ್ದು ಮುಂಬಯಿಯ ಹಲವರಿಗೆ ನೆನಪಿರಬಹುದು. ವಿಜೇಂದರ್ ಕೂದಲೆಳೆಯ ಅಂತರದಲ್ಲಿ ಗೆದ್ದರು. ಹತ್ತು ಸುತ್ತು ಅಂದರೆ ನಡುವೆ ಒಂಬತ್ತು ವಿರಾಮ, ಒಂದೊಂದಕ್ಕೆ ಒಂದೊಂದು ನಿಮಿಷ. ನಮ್ಮ ಕಣ್ಣೆಲ್ಲ ಹೊಡೆತದ ಮೇಲೇ ಇರುತ್ತದೆ, ಆ ಒಂಬತ್ತು ನಿಮಿಷಗಳನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಆದರೆ ಆ ಒಂದು ನಿಮಿಷದಲ್ಲಿ ಸ್ಟೂಲಿನ ಮೇಲೆ ಕೂತವನಿಗೆ ನೀರು ಕೊಡುತ್ತಾರೆ, ಮುಖ ಒರೆಸುತ್ತಾರೆ, ಗುರು ಎದುರಿಗೆ ಮಂಡಿಯೂರಿ ಒಂದೇ ಒಂದು ಮಾತು ಹೇಳುತ್ತಾನೆ. ಹತ್ತು ತಪ್ಪು ಕಂಡಿದ್ದರೂ ಒಂದೇ ಮಾತು. ಸುಸ್ತಾದ ತಲೆಗೆ ಅದಕ್ಕಿಂತ ಹೆಚ್ಚು ಹಿಡಿಸುವುದಿಲ್ಲ.

ಬುಧವಾರ ಹುಡುಗಿಯನ್ನು ಕ್ಲಾಸಿಗೆ ಬಿಡುವ ನೆಪದಲ್ಲಿ ನಾನೂ ಹೋಗಿ ಗೋಡೆಗೆ ಒರಗಿ ಕೂತೆ. ಕೋಚ್ ಸರ್ ಮೊದಲು ಕೇಳಿದ್ದು ಅವಳ ಕೆನ್ನೆಯ ಬಗ್ಗೆಯಲ್ಲ, ತಲೆಯ ಬಗ್ಗೆ. ತಲೆನೋವಿತ್ತಾ, ವಾಂತಿ ಬಂದ ಹಾಗಾಯಿತಾ, ಬೆಳಕು ನೋಡಿದರೆ ಕಣ್ಣು ಚುಚ್ಚುತ್ತದಾ, ರಾತ್ರಿ ನಿದ್ದೆ ಹೇಗಿತ್ತು. ಇವುಗಳಲ್ಲಿ ಒಂದಕ್ಕೆ ಹೌದು ಅಂದಿದ್ದರೂ ನೇರ ಡಾಕ್ಟರ ಹತ್ತಿರ ಕಳಿಸುತ್ತಿದ್ದೆ, ರಿಂಗಿನ ಹತ್ತಿರವೂ ಬಿಡುತ್ತಿರಲಿಲ್ಲ ಅಂದರು. ಇಲ್ಲ ಅಂದಮೇಲೂ, ಈ ವಾರ ತಲೆಗೆ ಒಂದು ಪೆಟ್ಟೂ ಬೀಳಬಾರದು ಅಂತ ಕಟ್ಟುನಿಟ್ಟು ಮಾಡಿದರು. ಆಮೇಲೆ ಭಾನುವಾರ ಹೊಡೆದಿದ್ದ ಹುಡುಗಿಯನ್ನೇ ಕರೆದರು. ನಮ್ಮವಳು ಅವಳನ್ನು ದೀದಿ ಅನ್ನುತ್ತಾಳೆ.

ಇಬ್ಬರಿಗೂ ಅಭ್ಯಾಸದ ದಪ್ಪ ಗ್ಲೌಸು. ಹಗುರ ತೂಕದವರು ಸ್ಪರ್ಧೆಗೆ 10 ಔನ್ಸಿನದ್ದು ಹಾಕಿದರೆ, ಸ್ಪಾರಿಂಗಿಗೆ ಸಾಮಾನ್ಯವಾಗಿ 14 ಅಥವಾ 16 ಔನ್ಸಿನದ್ದು. ಮೆತ್ತೆ ಹೆಚ್ಚಿರುವುದರಿಂದ ಎದುರಿನವರಿಗೆ ಪೆಟ್ಟು ಕಡಿಮೆ ತಾಗುತ್ತದೆ. ನಮ್ಮವಳ ಕೆಲಸ ಒಂದೇ, ಎಡಗೈಯಿಂದ ಜ್ಯಾಬ್, ಅಂದರೆ ನೇರ ಹೊಡೆತ, ಕೊಟ್ಟು ಕೈ ವಾಪಸು ತರುವುದು. ದೀದಿಯ ಕೆಲಸವೂ ಒಂದೇ. ಆ ಎಡಗೈ ವಾಪಸಾಗುವ ಹೊತ್ತಿಗೆ ಬಲಗೈಯನ್ನು ನಿಧಾನವಾಗಿ ಕಳಿಸಿ, ಕೆನ್ನೆಯ ಮುಂದೆ ಒಂದು ಗೇಣು ದೂರದಲ್ಲಿ ನಿಲ್ಲಿಸುವುದು.

ಇಲ್ಲಿ ನನಗೆ ಆಟ ಅರ್ಥವಾಯಿತು. ಎಡಗೈ ಹೋದ ದಾರಿಯಲ್ಲೇ ತಿರುಗಿ ಕೆನ್ನೆಯ ಹತ್ತಿರ ಬಂದರೆ ದೀದಿಯ ಗ್ಲೌಸಿಗೆ ಎದುರಾಗಿ ಅವಳ ಗ್ಲೌಸು ಇರುತ್ತದೆ, ಕೆನ್ನೆಗೆ ಮರೆ ಸಿಗುತ್ತದೆ. ಕೈ ಸೊಂಟದ ಕಡೆಗೆ ಜೋತು ಬಿದ್ದು ಸುತ್ತಿಕೊಂಡು ಬಂದರೆ ಕೆನ್ನೆ ಬೆತ್ತಲೆ, ದೀದಿಯ ಬಲಗೈ ಅದರ ಮುಂದೆ ಬಂದು ಹಾಗೇ ನಿಂತಿರುತ್ತದೆ. ಏನೂ ಮಾಡುವುದಿಲ್ಲ, ನಿಂತಿರುತ್ತದೆ ಅಷ್ಟೇ. ಮೊದಲ ಹತ್ತು ಹದಿನೈದು ಸಲ ಅದು ಬಂದು ನಿಂತದ್ದೇ ಹೆಚ್ಚು. ಸರ್ ಪಕ್ಕದಲ್ಲಿ “ಹಾತ್ ವಾಪಸ್, ಹಾತ್ ವಾಪಸ್” ಅನ್ನುತ್ತಲೇ ಇದ್ದರು. ಭಾನುವಾರ ಎಲ್ಲಿಂದ ಬಂತೆಂದು ಗೊತ್ತಾಗದಿದ್ದ ಪೆಟ್ಟನ್ನು ಹುಡುಗಿ ಈಗ ಕಣ್ಣು ಬಿಟ್ಟು ನೋಡುತ್ತಿದ್ದಳು. ಅದೇ ಕೈ, ಅದೇ ದಾರಿ. ವೇಗ ಇಳಿದದ್ದರಿಂದ ಮಾತ್ರ ಅದು ಕಂಡಿತು. ಸ್ವಲ್ಪ ಹೊತ್ತಿಗೆ ಅವಳು ಜ್ಯಾಬಿನ ಜೊತೆ ಉಸಿರು ಬಿಡುವುದನ್ನು ಶುರು ಮಾಡಿದಳು, ಯಾರೂ ಹೇಳಿಕೊಡದೆ.

ಕೇಳುಗರೇ, ಬಾಕ್ಸರ್ ನಿಖತ್ ಜರೀನ್ ಹೆಸರು ನಿಮಗೆ ಗೊತ್ತು. ಬೀದರಿನಿಂದ ಬಹಳ ದೂರವಿಲ್ಲದ ನಿಜಾಮಾಬಾದಿನವರು. ಶುರುವಿನ ದಿನಗಳಲ್ಲಿ ಅಲ್ಲಿ ಬಾಕ್ಸಿಂಗ್ ಕಲಿಯುವ ಬೇರೆ ಹುಡುಗಿಯರಿರಲಿಲ್ಲ, ಹುಡುಗರ ಜೊತೆಗೇ ಸ್ಪಾರಿಂಗ್ ಮಾಡಬೇಕಿತ್ತು. ಕಣ್ಣು ಕಪ್ಪಾಗಿ, ಮುಖದಲ್ಲಿ ರಕ್ತವಾಗಿ ಮನೆಗೆ ಬಂದದ್ದನ್ನು, ಇನ್ನು ಈ ಹುಡುಗಿಯನ್ನು ಯಾರು ಮದುವೆಯಾಗುತ್ತಾರೆ ಅಂತ ತಾಯಿ ಅತ್ತದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಎದುರುಮನೆಯ ಅಜ್ಜಿಯ ಅಳು ಕೇಳಿದಾಗ ನನಗೆ ಆ ತಾಯಿಯೇ ನೆನಪಾದರು. 2017ರಲ್ಲಿ ಭುಜಕ್ಕೆ ಏಟಾಗಿ ನಿಖತ್ ಬಹಳ ಕಾಲ ರಿಂಗಿನಿಂದ ಹೊರಗಿದ್ದರು. 2019ರ ಡಿಸೆಂಬರಿನಲ್ಲಿ ದಿಲ್ಲಿಯ ಆಯ್ಕೆ ಪಂದ್ಯದಲ್ಲಿ, ಚಿಕ್ಕಂದಿನಿಂದ ಆರಾಧಿಸಿದ ಮೇರಿ ಕೋಮ್ ಅವರ ಎದುರೇ 9-1ರಿಂದ ಸೋತರು. ದೇಶವೆಲ್ಲ ಮಾತಾಡಿಕೊಂಡ ಸೋಲು. 2022ರ ಮೇ ತಿಂಗಳಲ್ಲಿ ಇಸ್ತಾಂಬುಲಿನಲ್ಲಿ ವಿಶ್ವ ಚಾಂಪಿಯನ್ ಆದರು, ಮರುವರ್ಷ ದಿಲ್ಲಿಯಲ್ಲಿ ಮತ್ತೊಮ್ಮೆ.

ಇಂಥ ಕಥೆಯನ್ನು ಛಲದ ಕಥೆಯಾಗಿ ಹೇಳುವುದು ನಮಗೆ ರೂಢಿ. ಛಲ ಇತ್ತು, ಇಲ್ಲದೆ ಆಗುವ ಕೆಲಸವೇ ಅಲ್ಲ. ಆದರೆ ಆ ಎರಡೂವರೆ ವರ್ಷಗಳಲ್ಲಿ ದಿನಾ ಬೆಳಿಗ್ಗೆ ಅವರ ಎದುರು ಪ್ಯಾಡ್ ಹಿಡಿದು ನಿಂತವರು, ಹದವಾಗಿ ಹೊಡೆದವರು, ಹೊಡೆಯದೆ ಕೈ ತಡೆದವರು ಎಷ್ಟು ಜನ ಇರಬೇಡ ಅಂತ ನಾನು ಈಗ ಯೋಚಿಸುತ್ತೇನೆ. ಅವರ ಹೆಸರು ಯಾವ ಪದಕದ ಮೇಲೂ ಇರುವುದಿಲ್ಲ.

ಅಂಥ ಒಬ್ಬನ ಹೆಸರು ಮಾತ್ರ ನನಗೆ ಗೊತ್ತು. ಅಮೆರಿಕದ ಬಾಕ್ಸರ್ ಜೀನ್ ಟನಿ 1922ರ ಮೇ 23ರಂದು ಹ್ಯಾರಿ ಗ್ರೆಬ್ ಕೈಯಲ್ಲಿ ಹದಿನೈದು ಸುತ್ತು ಪೆಟ್ಟು ತಿಂದ. ಮೂಗು ಒಡೆದು ರಕ್ತ ಸುರಿದರೂ ಕೊನೆಯವರೆಗೆ ನಿಂತು ಸೋತ. ವೃತ್ತಿಜೀವನದಲ್ಲಿ ಅವನು ಕಂಡ ಸೋಲು ಅದೊಂದೇ. ಗ್ರೆಬ್‌ನ ತಲೆಯನ್ನು ಬಿಟ್ಟು ಮೈಗೆ ಗುರಿಯಿಡು ಅಂತ ಟನಿಗೆ ದಾರಿ ತೋರಿಸಿದವನು ಬೆನ್ನಿ ಲೆನರ್ಡ್ ಅನ್ನುವ ಇನ್ನೊಬ್ಬ ಬಾಕ್ಸರ್. ಒಂಬತ್ತು ತಿಂಗಳಲ್ಲಿ ಟನಿ ಅದೇ ಗ್ರೆಬ್‌ನನ್ನು ಸೋಲಿಸಿದ, 1926ರಲ್ಲಿ ಜ್ಯಾಕ್ ಡೆಂಪ್ಸಿಯನ್ನೂ ಸೋಲಿಸಿ ಹೆವಿವೇಟ್ ಪಟ್ಟ ಗೆದ್ದ. ಅಷ್ಟು ದೊಡ್ಡ ಆಟಗಾರನಿಗೂ ಹೊರಗಿನಿಂದ ನೋಡುವ ಒಂದು ಜೊತೆ ಕಣ್ಣು ಬೇಕಾಯಿತು.

ಪೆಟ್ಟು ತಿಂದರೇ ಬುದ್ಧಿ ಬರುವುದು ಅನ್ನುವ ಮಾತು ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ ಬಹಳ ಕಾಲದಿಂದ ಓಡಾಡುತ್ತಿದೆ. ಬಾಕ್ಸಿಂಗ್ ಹಾಲಿನ ಗೋಡೆಗೆ ಒರಗಿ ಕೂತಾಗ ಅದು ಪೂರ್ತಿ ಸತ್ಯ ಅಂತ ನನಗೆ ಅನ್ನಿಸಲಿಲ್ಲ. ಭಾನುವಾರದ ಪೆಟ್ಟು ಆ ಹುಡುಗಿಗೆ ಕಲಿಸಿದ್ದು ಕಣ್ಣು ಮುಚ್ಚುವುದನ್ನು. ಅದರ ನಂತರ ಬುಧವಾರ ಬಾರದೆ ಹೋಗಿದ್ದರೆ, ಇನ್ನೊಂದು ಭಾನುವಾರ, ಮತ್ತೊಂದು ಭಾನುವಾರ ಅದೇ ಪೆಟ್ಟು ಬಿದ್ದಿದ್ದರೆ, ಅವಳು ಇನ್ನೂ ಗಟ್ಟಿಯಾಗಿ ಕಣ್ಣು ಮುಚ್ಚುವುದನ್ನು ಕಲಿಯುತ್ತಿದ್ದಳು, ಇಲ್ಲವೇ ಕ್ಲಾಸು ಬಿಡುತ್ತಿದ್ದಳು. ಆಗ ನಾವೆಲ್ಲ ಸೇರಿ, ಪಾಪ, ಅವಳಲ್ಲಿ ಧೈರ್ಯವಿರಲಿಲ್ಲ ಅನ್ನುತ್ತಿದ್ದೆವು.

ಹೊಸಬರಿಗೆ ಹೇಳುವ ಮಾತು ನಮ್ಮಲ್ಲಿ ರಾಶಿ ಇದೆ. ತಾಳ್ಮೆ ಇರಲಿ, ಹೆದರಬೇಡ, ಬಿದ್ದರೆ ಏಳು. ಬಲ್ಲವರಿಗೆ ಹೇಳುವ ಮಾತು ಅಷ್ಟಿಲ್ಲ. ಊರಿನಿಂದ ನಿನ್ನೆ ಬಂದು ಅಡಿಗೆಮನೆಯಲ್ಲಿ ನಿಂತ ಹುಡುಗನ ಎದುರು ಹಳೆಯ ಭಟ್ಟರಿರುತ್ತಾರೆ. ಆಫೀಸಿಗೆ ಹೊಸದಾಗಿ ಸೇರಿದವಳ ಎದುರು ಇಪ್ಪತ್ತು ವರ್ಷದ ಅನುಭವದವರಿರುತ್ತಾರೆ. ಹೊಸಬರ ಕೈ ಎಲ್ಲಿ ಜೋತು ಬೀಳುತ್ತದೆ ಅನ್ನುವುದು ಇವರಿಗೆ ಚೆನ್ನಾಗಿ ಕಾಣುತ್ತದೆ. ಕಂಡಾಗ ಹೊಡೆಯಬಹುದು, ಅದು ಸುಲಭ. ಕೆನ್ನೆಯ ಮುಂದೆ ಕೈ ತಂದು ನಿಲ್ಲಿಸುವುದಕ್ಕೆ ಹೆಚ್ಚು ಶಕ್ತಿ ಬೇಕು. ಬುಧವಾರ ದೀದಿಯ ಹಣೆಯಲ್ಲಿ ನಮ್ಮವಳಿಗಿಂತ ಹೆಚ್ಚು ಬೆವರಿತ್ತು.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ಅಭ್ಯಾಸ ಮುಗಿಯುವ ಹೊತ್ತಿಗೆ ಸರ್ ದೀದಿಯನ್ನು ನಿಲ್ಲಿಸಿ, ಅವಳ ಎಡ ಮೊಣಕೈಯನ್ನು ಹಿಡಿದು ಮೇಲೆತ್ತಿದರು. ಬಲಗೈ ಕಳಿಸುವಾಗಲೆಲ್ಲ ಅವಳ ಎಡಗೈಯೂ ಮೆಲ್ಲಗೆ ಕೆಳಗಿಳಿಯುತ್ತಿತ್ತು. ಕಿರಿಯವಳು ಮಾಡಿದ ತಪ್ಪೇ, ಅದೇ ಕೈ. ಇಷ್ಟು ವರ್ಷ ಅವಳ ವೇಗ ಅದನ್ನು ಮುಚ್ಚಿಟ್ಟಿತ್ತು. ಒಬ್ಬ ಹೊಸಬಳಿಗಾಗಿ ವೇಗ ಇಳಿಸಿದ ದಿನ ಅದು ಹೊರಗೆ ಬಂತು. ಆ ಸಂಜೆ ಇಬ್ಬರಲ್ಲಿ ಯಾರು ಹೆಚ್ಚು ಕಲಿತರು ಅಂತ ಯಾರಾದರೂ ಕೇಳಿದರೆ ನಾನು ದೀದಿಯ ಹೆಸರನ್ನೇ ಹೇಳುತ್ತೇನೆ.